ಅರ್ಧಕ್ಕೆ ನಿಂತ ಸಾಕ್ಷ್ಯ: ‘ದಿ ಯೂನಿಕಾರ್ನ್ ಆ್ಯಂಡ್ ದ ವಾಸ್ಪ್’ನಲ್ಲಿ ನೆನಪು, ಮರೆವು ಮತ್ತು ಚಂದ್ರಕಲಾ

ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ನಾಲ್ಕನೆಯ ಸರಣಿಯ ಏಳನೆಯ ಕಂತು ‘ದಿ ಯೂನಿಕಾರ್ನ್ ಆ್ಯಂಡ್ ದ ವಾಸ್ಪ್’ 2008ರ ಮೇ 17ರಂದು ಪ್ರಸಾರವಾಯಿತು. ಗ್ಯಾರೆತ್ ರಾಬರ್ಟ್ಸ್ ಬರೆದು, ಗ್ರೇಮ್ ಹಾರ್ಪರ್ ನಿರ್ದೇಶಿಸಿದ ಈ ಕಂತಿನಲ್ಲಿ ಪತ್ತೇದಾರಿ ಕಥೆ, ವೈಜ್ಞಾನಿಕ ಕಲ್ಪನೆ ಮತ್ತು ಹಾಸ್ಯ ಎಂಬ ಮೂರು ಪ್ರಕಾರಗಳು ಒಂದೇ ಸೂರಿನಡಿ ಸೇರುತ್ತವೆ. ಈ ಮೂರರ ಕರಾರುಗಳು ಪರಸ್ಪರ ಹೊಂದುವಂಥವಲ್ಲ. ಪತ್ತೇದಾರಿ ಕಥೆ ಪ್ರತಿಯೊಂದು ಸಾವಿಗೂ ಕಾರಣ ಕೇಳುತ್ತದೆ. ವೈಜ್ಞಾನಿಕ ಕಥನ ಆ ಕಾರಣ ಈ ಲೋಕದ್ದೇ ಆಗಿರಬೇಕಿಲ್ಲ ಎನ್ನುತ್ತದೆ. ಹಾಸ್ಯವು ಸಾವಿನ ಭಾರವನ್ನು ಹೊರಲು ಒಪ್ಪುವುದಿಲ್ಲ. ಇಂಥ ಹೊಂದಾಣಿಕೆ ನಡೆದಾಗ ಯಾರೋ ಒಬ್ಬರು ಅದರ ಬೆಲೆ ತೆರಬೇಕಾಗುತ್ತದೆ. ಈ ಕಂತಿನಲ್ಲಿ ಆ ಬೆಲೆಯನ್ನು ಹೆಚ್ಚಾಗಿ ತೆತ್ತವಳು ಮನೆಯ ಭಾರತೀಯ ಪರಿಚಾರಿಕೆ ಮಿಸ್ ಚಂದ್ರಕಲಾ. ಅವಳನ್ನು ಬದಿಯ ಪಾತ್ರವೆಂದು ಬಿಟ್ಟು ನೋಡಿದರೆ ಕಂತು ಜಾಣತನದ ವಿನೋದವಾಗಿ ಕಾಣುತ್ತದೆ. ಅವಳನ್ನು ಸೇರಿಸಿಕೊಂಡು ನೋಡಿದರೆ ಅದೇ ವಿನೋದ ಬೇರೆಯದೇ ಪ್ರಶ್ನೆಗಳನ್ನು ಎತ್ತುತ್ತದೆ.

ಕಥೆ ನಡೆಯುವುದು 1926ರ ಡಿಸೆಂಬರಿನಲ್ಲಿ, ಲೇಡಿ ಕ್ಲೆಮೆನ್ಸಿ ಎಡಿಸನ್‌ಳ ಹಳ್ಳಿಬಂಗಲೆಯಲ್ಲಿ. ಕಾಲಯಾನಿ ಡಾಕ್ಟರ್ ಮತ್ತು ಅವನ ಒಡನಾಡಿ ಡೋನಾ ನೋಬಲ್ ಅಲ್ಲಿನ ತೋಟದ ಸತ್ಕಾರಕೂಟಕ್ಕೆ ಕರೆಯದೆ ಬಂದ ಅತಿಥಿಗಳು. ಕರೆಸಿಕೊಂಡು ಬಂದವರಲ್ಲಿ ಒಬ್ಬಳು ಅಗಾಥಾ ಕ್ರಿಸ್ಟಿ. ಗ್ರಂಥಾಲಯದಲ್ಲಿ ಪ್ರೊಫೆಸರ್ ಪೀಚ್ ಸೀಸದ ಕೊಳವೆಯ ಏಟಿಗೆ ಬಲಿಯಾಗುತ್ತಾನೆ. ಮನೆಯಲ್ಲಿ ಆಳೆತ್ತರದ ಕಣಜದ ಹುಳುವೊಂದು ಕಾಣಿಸಿಕೊಳ್ಳುತ್ತದೆ. ಜೊತೆಗೆ ‘ಯೂನಿಕಾರ್ನ್’ ಎಂಬ ಅಡ್ಡಹೆಸರಿನ ಆಭರಣಗಳ್ಳ ಅತಿಥಿಗಳ ನಡುವೆಯೇ ಅಡಗಿದ್ದಾನೆಂಬ ಸುದ್ದಿಯಿದೆ. ಕೊನೆಗೆ ಹೊರಬೀಳುವ ಸತ್ಯದ ಬೇರು ಇಂಗ್ಲೆಂಡಿನಲ್ಲಿಲ್ಲ. 1885ರಲ್ಲಿ ದೆಹಲಿಯಲ್ಲಿದ್ದ ತರುಣಿ ಕ್ಲೆಮೆನ್ಸಿ, ಮನುಷ್ಯರೂಪ ತಳೆದಿದ್ದ ಅನ್ಯಲೋಕದ ಜೀವಿಯೊಬ್ಬನನ್ನು ಪ್ರೀತಿಸಿದ್ದಳು. ಅವನು ಯಮುನೆಯ ನೆರೆಯಲ್ಲಿ ಮುಳುಗಿ ಸತ್ತ. ಅವಳು ಗರ್ಭಿಣಿಯಾಗಿ ತವರಿಗೆ ಮರಳಿ, ಮಲೇರಿಯದ ನೆಪದಲ್ಲಿ ತಿಂಗಳುಗಟ್ಟಲೆ ಕೋಣೆಯ ಬಾಗಿಲು ಹಾಕಿಕೊಂಡು, ಹುಟ್ಟಿದ ಮಗುವನ್ನು ಅನಾಥಾಲಯಕ್ಕೆ ಸೇರಿಸಿದಳು. ಆ ಮಗು ಬೆಳೆದು ಊರಿನ ಪಾದ್ರಿ ಗೋಲೈಟ್ಲಿಯಾಗಿದ್ದಾನೆ. ನಲವತ್ತನೆಯ ವಯಸ್ಸಿನಲ್ಲಿ, ಚರ್ಚಿಗೆ ನುಗ್ಗಿದ ಕಳ್ಳಹುಡುಗರ ಮೇಲೆ ಬಂದ ಸಿಟ್ಟು ಅವನೊಳಗಿನ ಕಣಜವನ್ನು ಎಬ್ಬಿಸುತ್ತದೆ.

ಧಾರಾವಾಹಿಯ ಪರಂಪರೆಯಲ್ಲಿ ಇದು ಒಂಟಿ ಪ್ರಯೋಗವಲ್ಲ. 2005ರ ‘ದಿ ಅನ್‌ಕ್ವಯೆಟ್ ಡೆಡ್’ನಲ್ಲಿ ಡಿಕನ್ಸ್ ಬಂದಿದ್ದ. 2007ರಲ್ಲಿ ಇದೇ ರಾಬರ್ಟ್ಸ್ ಬರೆದ ‘ದಿ ಶೇಕ್ಸ್‌ಪಿಯರ್ ಕೋಡ್’ನಲ್ಲಿ ನಾಟಕಕಾರನ ಪದಗಳೇ ಮಂತ್ರಗಳಾಗಿದ್ದವು. ಪ್ರತಿ ಸಲವೂ ಆಯಾ ಲೇಖಕನ ಸಾಹಿತ್ಯಪ್ರಕಾರವೇ ಕಂತಿನ ಲೋಕದ ನಿಯಮವಾಗುತ್ತದೆ. ಡಿಕನ್ಸ್‌ಗೆ ಕ್ರಿಸ್‌ಮಸ್ ಹೊತ್ತಿನ ದೆವ್ವಗಳು, ಶೇಕ್ಸ್‌ಪಿಯರ್‌ಗೆ ಮಾಟಗಾತಿಯರು, ಕ್ರಿಸ್ಟಿಗೆ ಮುಚ್ಚಿದ ಮನೆಯೊಳಗಿನ ಕೊಲೆ. ಆದರೆ ಇಲ್ಲಿ ರಾಬರ್ಟ್ಸ್ ಒಂದು ಹೆಜ್ಜೆ ಮುಂದೆ ಹೋಗಿ, ಲೋಕವು ಕಾದಂಬರಿಯಂತೆ ಏಕಿದೆ ಎಂಬುದಕ್ಕೆ ಕಥೆಯೊಳಗೇ ಕಾರಣ ಒದಗಿಸುತ್ತಾನೆ. ಲೇಡಿ ಎಡಿಸನ್ ಧರಿಸುವ ‘ಫೈರ್‌ಸ್ಟೋನ್’ ಹರಳು ಅವಳ ಪ್ರಿಯಕರ ಕೊಟ್ಟದ್ದು. ಅದು ಮನಸ್ಸಿನಿಂದ ಮನಸ್ಸಿಗೆ ನೆನಪನ್ನು ದಾಟಿಸುವ ಸಾಧನ. ಮಗನೊಳಗಿನ ಕಣಜ ಎಚ್ಚೆತ್ತ ರಾತ್ರಿ ತಾಯಿ ಆ ಹರಳನ್ನು ಧರಿಸಿ, ಅದೇ ವರ್ಷ ಪ್ರಕಟವಾಗಿದ್ದ ‘ದಿ ಮರ್ಡರ್ ಆಫ್ ರೋಜರ್ ಆ್ಯಕ್ರಾಯ್ಡ್’ ಓದುತ್ತಿದ್ದಳು. ಹೀಗಾಗಿ ಮಗನಿಗೆ ತಾಯಿಯಿಂದ ಬಂದ ಮೊದಲ ಬಳುವಳಿ ಒಂದು ಕೊಲೆಯ ಕಾದಂಬರಿ. ಲೋಕ ನಡೆಯುವುದೇ ಹೀಗೆ ಎಂದು ಅವನು ನಂಬಿಬಿಡುತ್ತಾನೆ.

ಈ ಉಪಾಯವನ್ನು ತಮಾಷೆಯೆಂದು ತಳ್ಳಿಹಾಕುವಂತಿಲ್ಲ. ಕೊಲೆಗಾರನನ್ನು ಇಲ್ಲಿ ಓದುಗನಾಗಿ ಕಲ್ಪಿಸಲಾಗಿದೆ. ತಾಯಿಯ ಮಡಿಲು, ಮನೆಯ ಹೆಸರು, ತಂದೆಯ ಲೋಕದ ನೆನಪು ಯಾವುದೂ ಸಿಗದ ಒಬ್ಬನಿಗೆ ಪರಂಪರೆಯ ಜಾಗದಲ್ಲಿ ಒಂದು ಪುಸ್ತಕದ ಅಚ್ಚು ಸಿಕ್ಕಿದೆ. ಅವನು ಆ ಅಚ್ಚಿನಲ್ಲೇ ತನ್ನ ಹಕ್ಕನ್ನು ಕೇಳುತ್ತಾನೆ. ತನ್ನ ಹುಟ್ಟಿನ ಗುಟ್ಟು ತಿಳಿದವರನ್ನು ಕಾದಂಬರಿಯ ಕ್ರಮದಲ್ಲೇ ಒಬ್ಬೊಬ್ಬರಾಗಿ ಕೊಲ್ಲುತ್ತಾನೆ. ಎರವಲು ರೂಪವೊಂದು ಬದುಕಿನ ವ್ಯಾಕರಣವಾದಾಗ ಏನಾಗುತ್ತದೆ ಎಂಬ ತೌಲನಿಕ ಸಾಹಿತ್ಯದ ಹಳೆಯ ಪ್ರಶ್ನೆಯನ್ನು ನಲವತ್ತೈದು ನಿಮಿಷಗಳ ಜನಪ್ರಿಯ ಕಂತೊಂದು ಹೀಗೆ ಕೈಗೆತ್ತಿಕೊಳ್ಳುವುದು ಅಪರೂಪ.

ಕೊಲೆಗಾರ ಅನ್ಯಲೋಕದ ಕಣಜವಾಗಿದ್ದರೆ ಓದುಗರೊಂದಿಗಿನ ನ್ಯಾಯದ ಒಪ್ಪಂದ ಮುರಿಯುವುದಿಲ್ಲವೇ ಎಂಬ ಆಕ್ಷೇಪ ಸಹಜ. ರೊನಾಲ್ಡ್ ನಾಕ್ಸ್ 1929ರಲ್ಲಿ ಪಟ್ಟಿ ಮಾಡಿದ ಪತ್ತೇದಾರಿ ಕಥೆಯ ಹತ್ತು ಕಟ್ಟಳೆಗಳಲ್ಲಿ ಅತಿಮಾನುಷ ಶಕ್ತಿಗಳಿಗೆ ಪ್ರವೇಶವಿಲ್ಲ. ಆದರೂ ರಾಬರ್ಟ್ಸ್ ಸುಳಿವುಗಳನ್ನು ಪ್ರಾಮಾಣಿಕವಾಗಿಯೇ ಇಟ್ಟಿದ್ದಾನೆ. ಪಾದ್ರಿಯ ಅನಾಥಾಲಯದ ಹಿನ್ನೆಲೆ, ಚರ್ಚಿನ ಕಳ್ಳತನದ ಪ್ರಸ್ತಾಪ, ಒಡತಿಯ ಮಲೇರಿಯ, ಗ್ರಂಥಾಲಯದಲ್ಲಿ ಸಿಕ್ಕ ಸುಟ್ಟ ಕಾಗದದ ಚೂರು ಎಲ್ಲವೂ ವೀಕ್ಷಕರ ಕಣ್ಣೆದುರೇ ಇರುತ್ತವೆ. ಯಾರು ಎಂಬ ಪ್ರಶ್ನೆಗೆ ಉತ್ತರ ತರ್ಕದಿಂದಲೇ ದೊರೆಯುತ್ತದೆ. ಅವನು ಎಂಥ ಜೀವಿ ಎಂಬಲ್ಲಿ ಮಾತ್ರ ವೈಜ್ಞಾನಿಕ ಕಲ್ಪನೆ ಕೈಹಾಕುತ್ತದೆ. ನಾಕ್ಸ್‌ನ ಅದೇ ಪಟ್ಟಿ ಚೀನಾದವನೊಬ್ಬ ಕಥೆಯಲ್ಲಿ ಬರಕೂಡದೆಂದೂ ವಿಧಿಸಿತ್ತು. ಅಂದಿನ ಅಗ್ಗದ ಕಥೆಗಳಲ್ಲಿ ಪೂರ್ವದೇಶದ ಖಳ ಸವಕಲಾಗಿದ್ದನೆಂಬುದು ಆ ಕಟ್ಟಳೆಯ ಹಿನ್ನೆಲೆ. ಇಂಗ್ಲಿಷ್ ಪತ್ತೇದಾರಿ ಕಥೆಗೆ ಹೊರಗಿನವರು ಯಾವಾಗಲೂ ಒಂದು ತೊಡಕು ಎಂಬುದಂತೂ ಇದರಿಂದ ಸ್ಪಷ್ಟ.

ಒಳಗಿನವರು ಯಾರು, ಹೊರಗಿನವರು ಯಾರು ಎಂಬುದನ್ನು ಈ ಕಂತು ಬಹಳಮಟ್ಟಿಗೆ ಭಾಷೆಯಿಂದಲೇ ತೀರ್ಮಾನಿಸುತ್ತದೆ. ರಾಬಿನಾ ರೆಡ್ಮಂಡ್ ಎಂಬ ಶ್ರೀಮಂತ ತರುಣಿ ನಿಜದಲ್ಲಿ ಕಳ್ಳಿ ಯೂನಿಕಾರ್ನ್ ಎಂಬ ಗುಟ್ಟು ರಟ್ಟಾಗುವುದು ಅವಳು ಬಚ್ಚಲಿಗೆ ಬಳಸಿದ ಪದದಿಂದ. ಮೇಲ್ವರ್ಗದವಳಾಗಿದ್ದರೆ ‘ಲೂ’ ಎನ್ನಬೇಕಿತ್ತು, ಅವಳು ‘ಟಾಯ್ಲೆಟ್’ ಎಂದಳು. ಇಂಗ್ಲಿಷಿನ ಈ ವರ್ಗಸೂಚಕ ಪದಗಳನ್ನು ಭಾಷಾವಿಜ್ಞಾನಿ ಅಲನ್ ರಾಸ್ ಶಾಸ್ತ್ರೀಯವಾಗಿ ವಿಂಗಡಿಸಿದ್ದು 1954ರಲ್ಲಿ. ಗುಟ್ಟು ಹೊರಬಿದ್ದ ಮೇಲೆ ರಾಬಿನಾಳ ಮಾತು ಲಂಡನ್ನಿನ ಕೆಳವರ್ಗದ ಆಡುನುಡಿಗೆ ಜಾರುತ್ತದೆ. ಇತ್ತ ಡೋನಾ ಕುಲೀನರ ಧಾಟಿಯನ್ನು ಅನುಕರಿಸಲು ಹೋದಾಗಲೆಲ್ಲ ಡಾಕ್ಟರ್ ಅವಳನ್ನು ತಡೆಯುತ್ತಾನೆ. ಒಂದೇ ಪದ ಆಡುವವರ ಊರು, ಜಾತಿ, ಗಡಿಯ ಯಾವ ಮಗ್ಗುಲು ಎಂಬುದನ್ನೆಲ್ಲ ಬಿಚ್ಚಿಡಬಲ್ಲದು ಎಂಬುದು ಕಾಸರಗೋಡು, ಸೊಲ್ಲಾಪುರ, ಅದೋನಿಗಳ ಕನ್ನಡಿಗರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಗಮನಿಸಬೇಕಾದದ್ದು ಇಷ್ಟು: ಇಂಗ್ಲಿಷಿನ ಒಳಭೇದಗಳಿಗೆ ಇಷ್ಟು ಸೂಕ್ಷ್ಮವಾಗಿ ಕಿವಿಗೊಡುವ ಕಂತು, ಮನೆಯೊಳಗೆ ಇನ್ನೊಂದು ಭಾಷೆಯೂ ಇರಬಹುದೆಂದು ಒಮ್ಮೆಯೂ ಯೋಚಿಸುವುದಿಲ್ಲ. ಚಂದ್ರಕಲಾ ಎಂಬುದು ಭಾರತೀಯರ ಕಿವಿಗೆ ವ್ಯಕ್ತಿನಾಮ. ಅದರ ಹಿಂದೆ ಇರಬೇಕಾದ ಊರು, ಮನೆತನ, ತಾಯಿನುಡಿ ಯಾವುದೂ ಕಥೆಗೆ ಬೇಕಾಗಿಲ್ಲ. ‘ಮಿಸ್’ ಎಂಬ ಗೌರವವಾಚಕ ಆ ತೆರವನ್ನು ಮುಚ್ಚುತ್ತದೆ.

ಹಾಸ್ಯದ ಇನ್ನೊಂದು ಮೂಲವೂ ಭಾಷೆಯೇ. ಕ್ರಿಸ್ಟಿಯ ಕಾದಂಬರಿಗಳ ಶೀರ್ಷಿಕೆಗಳನ್ನು ಸಂಭಾಷಣೆಯ ಉದ್ದಕ್ಕೂ ಹುದುಗಿಸಿಡಲಾಗಿದೆ. ಡಾಕ್ಟರನ ಪಾನೀಯದಲ್ಲಿ ವಿಷ ಬೆರೆತಿರುವುದು ತಿಳಿದಾಗ ಬರುವ ಉದ್ಗಾರವೂ ಅಂಥದೊಂದು ಶೀರ್ಷಿಕೆ. ಆ ವಿಷವಿಳಿಸುವ ದೃಶ್ಯದಲ್ಲಿ ಮಾತು ಹೊರಡದ ಡಾಕ್ಟರ್ ಮೂಕಾಭಿನಯದಿಂದ ಕೇಳುವುದು, ಡೋನಾ ಅದನ್ನು ತಪ್ಪುತಪ್ಪಾಗಿ ಊಹಿಸುವುದು, ಕೊನೆಗೆ ಅವಳ ಅನಿರೀಕ್ಷಿತ ಮುತ್ತಿನ ಆಘಾತವೇ ಮದ್ದಾಗುವುದು ಇಡೀ ಸರಣಿಯ ಒಳ್ಳೆಯ ಹಾಸ್ಯಪ್ರಸಂಗಗಳಲ್ಲಿ ಒಂದು. ಡೇವಿಡ್ ಟೆನಂಟ್ ಮತ್ತು ಕ್ಯಾಥರೀನ್ ಟೇಟ್ ಇಬ್ಬರ ಕಾಲಜ್ಞಾನವೂ ಇಲ್ಲಿ ನಿಖರವಾಗಿದೆ. ಆದರೆ ಶೀರ್ಷಿಕೆಗಳ ಇದೇ ಆಟ ಒಂದೆಡೆ ತನ್ನ ಮಿತಿಯನ್ನೂ ತೋರಿಬಿಡುತ್ತದೆ. ಲೇಡಿ ಎಡಿಸನ್ ತನ್ನ ಪ್ರಿಯಕರ ಯಮುನೆಯ ಪ್ರವಾಹಕ್ಕೆ ಸಿಕ್ಕಿ ಸತ್ತ ಸಂಗತಿಯನ್ನು ಹೇಳುವಾಗ ಬಳಸುವ ಮಾತು ‘ಟೇಕನ್ ಅಟ್ ದ ಫ್ಲಡ್’. ಅದು 1948ರ ಕಾದಂಬರಿಯೊಂದರ ಹೆಸರು. ನಲವತ್ತು ವರ್ಷ ಬಚ್ಚಿಟ್ಟ ದುಃಖ ಬಾಯಿಗೆ ಬರುವ ಕ್ಷಣದಲ್ಲೇ ಅದು ಬಲ್ಲವರ ಕಿರುನಗೆಗೆ ತುತ್ತಾಗುತ್ತದೆ. ದೆಹಲಿಯ ನೆರೆ, ಅದರಲ್ಲಿ ಕೊಚ್ಚಿಹೋದವರು ಒಂದು ಶ್ಲೇಷೆಗೆ ಒದಗಿದ ಸಾಮಗ್ರಿಯಾಗುತ್ತಾರೆ.

ಭಾರತವನ್ನು ಗುಟ್ಟಿನ ಉಗ್ರಾಣವಾಗಿ ಬಳಸುವುದು ರಾಬರ್ಟ್ಸ್‌ನಿಂದ ಶುರುವಾದದ್ದಲ್ಲ. ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಹುಟ್ಟಿನಲ್ಲೇ ಅದು ಇದೆ. ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (1868) ಆರಂಭವಾಗುವುದು 1799ರ ಮೇ 4ರ ಶ್ರೀರಂಗಪಟ್ಟಣದ ಪತನದೊಂದಿಗೆ. ಟಿಪ್ಪುವಿನ ಕೋಟೆಯ ಲೂಟಿಯಲ್ಲಿ ಕೊಲೆಮಾಡಿ ಕದ್ದ ವಜ್ರವೇ ಮುಂದೆ ಯಾರ್ಕ್‌ಶೈರಿನ ಬಂಗಲೆಯ ನೆಮ್ಮದಿ ಕೆಡಿಸುತ್ತದೆ. ಕಾನನ್ ಡಾಯ್ಲ್‌ನ ‘ದಿ ಸೈನ್ ಆಫ್ ಫೋರ್’ನಲ್ಲಿ (1890) ಆಗ್ರಾದ ನಿಧಿ ಕೊನೆಗೆ ಥೇಮ್ಸ್ ನದಿಯ ತಳ ಸೇರುತ್ತದೆ. ಫೈರ್‌ಸ್ಟೋನ್ ಈ ಸಾಲಿನ ಮೂರನೆಯ ಹರಳು. ಕೊನೆಯಲ್ಲಿ ಡೋನಾ ಅದನ್ನು ಸರ್ರೆಯ ಸೈಲೆಂಟ್ ಪೂಲ್ ಎಂಬ ಕೊಳಕ್ಕೆ ಎಸೆಯುತ್ತಾಳೆ. ಅದರ ಬೆನ್ನುಹತ್ತಿದ ಕಣಜ ನೀರಿಗೆ ಬಿದ್ದು ಸಾಯುತ್ತದೆ. ತಂದೆ ಯಮುನೆಯಲ್ಲಿ, ಮಗ ಇಂಗ್ಲೆಂಡಿನ ಕೊಳದಲ್ಲಿ. ಮೂರು ಕಥೆಗಳಲ್ಲಿ ಕಾಲಿನ್ಸ್‌ನದರಲ್ಲಿ ಮಾತ್ರ ಹರಳು ಹೊರಟಲ್ಲಿಗೆ, ಸೋಮನಾಥನ ದೇವರ ಹಣೆಗೆ ಮರಳುತ್ತದೆ. ಇಪ್ಪತ್ತೊಂದನೆಯ ಶತಮಾನದ ಕಂತು ಈ ವಿಷಯದಲ್ಲಿ ಡಾಯ್ಲ್‌ಗೆ ಹತ್ತಿರ, ಕಾಲಿನ್ಸ್‌ಗೆ ದೂರ. ಹರಳು ಭಾರತದ್ದೂ ಅಲ್ಲ, ನಕ್ಷತ್ರಲೋಕದ್ದು ಎನ್ನುವ ಮೂಲಕ ಅದನ್ನು ಯಾರಿಗೆ ಹಿಂದಿರುಗಿಸಬೇಕೆಂಬ ಪ್ರಶ್ನೆಯೇ ಏಳದಂತೆ ವೈಜ್ಞಾನಿಕ ಕಲ್ಪನೆ ನೋಡಿಕೊಳ್ಳುತ್ತದೆ. ಇನ್ನೊಂದು ವ್ಯತ್ಯಾಸವೂ ಮುಖ್ಯ. ‘ದಿ ಮೂನ್‌ಸ್ಟೋನ್’ನ ಕಥೆಯ ಬಹುಭಾಗವನ್ನು ಹೇಳುವವನು ಮನೆಯ ಹಿರಿಯ ಸೇವಕ ಗೇಬ್ರಿಯಲ್ ಬೆಟರೆಜ್. ಕೆಲಸದ ಹುಡುಗಿ ರೊಸಾನಾ ಸ್ಪಿಯರ್‌ಮನ್‌ಳ ಪತ್ರಕ್ಕೂ ಅಲ್ಲಿ ಎಡೆಯಿದೆ. 1868ರ ಕಾದಂಬರಿ ಸೇವಕರ ಕೈಗೆ ಲೇಖನಿ ಕೊಟ್ಟಿತ್ತು.

2008ರ ಕಂತಿನಲ್ಲಿ ಚಂದ್ರಕಲಾಳ ಕೈಗೆ ಬಂದದ್ದು ಒಂದು ಕೊನೆಯ ವಾಕ್ಯ. ಒಡತಿಯ ಗುಟ್ಟು ಭಾರತದಿಂದ ಇಂಗ್ಲೆಂಡಿನವರೆಗೂ ಗೊತ್ತಿದ್ದವಳು ಇವಳೊಬ್ಬಳೇ. ಮಗು ಹುಟ್ಟಿದ್ದನ್ನೂ, ಅದನ್ನು ಬಿಟ್ಟುಕೊಟ್ಟಿದ್ದನ್ನೂ ಬಲ್ಲವಳು. ನಾಲ್ಕು ದಶಕ ಬಾಯಿಬಿಡದೆ ಮನೆಯ ಯಜಮಾನಿಕೆ ನಡೆಸಿದವಳು. ಪ್ರೊಫೆಸರನ ಹೆಣವನ್ನು ಮೊದಲು ಕಂಡವಳೂ ಅವಳೇ. ತನಗೆ ಹೊಳೆದದ್ದನ್ನು ಹೇಳಲೆಂದು ಹೊರಟವಳ ಮೇಲೆ ಕಟ್ಟಡದ ಮೇಲಿನ ಕಲ್ಲಿನ ವಿಗ್ರಹ ಉರುಳುತ್ತದೆ. ಪಾಪ, ಆ ಪುಟ್ಟ ಮಗು ಎಂಬರ್ಥದ ಮಾತಾಡಿ ಅವಳು ಸಾಯುತ್ತಾಳೆ. ಅದೇ ಹೊತ್ತಿಗೆ ಕಣಜ ಕಾಣಿಸಿಕೊಂಡು, ಉಳಿದವರೆಲ್ಲ ಅದರ ಬೆನ್ನಟ್ಟುತ್ತಾರೆ. ಮುಂದೆ ಒಡತಿ ತನ್ನ ನೆಚ್ಚಿನ ಸಂಗಾತಿಯ ಬಗ್ಗೆ ಆಡುವ ಶೋಕದ ಮಾತು ಒಂದು ಉಸಿರಿನಷ್ಟು.

ಪಾತ್ರವರ್ಗದ ಹಿನ್ನೆಲೆ ಬಲ್ಲವರಿಗೆ ಈ ದೃಶ್ಯ ಇನ್ನಷ್ಟು ಕಸಿವಿಸಿ ತರುತ್ತದೆ. ಲೇಡಿ ಎಡಿಸನ್‌ಳ ಪಾತ್ರದಲ್ಲಿರುವ ಫೆಲಿಸಿಟಿ ಕೆಂಡಲ್ ಬಾಲ್ಯವನ್ನು ಕಳೆದದ್ದು ಭಾರತದಲ್ಲಿ, ಊರೂರು ತಿರುಗಿ ಶೇಕ್ಸ್‌ಪಿಯರ್ ಆಡುತ್ತಿದ್ದ ತಂದೆ ತಾಯಿಯರ ನಾಟಕ ತಂಡದೊಂದಿಗೆ. ಜೇಮ್ಸ್ ಐವರಿಯ ‘ಶೇಕ್ಸ್‌ಪಿಯರ್ ವಾಲಾ’ (1965) ಆ ಅನುಭವದ ನೆರಳಿನಲ್ಲೇ ಮೂಡಿದ ಚಿತ್ರ. ಅದರಲ್ಲಿ ಅವಳು ಭಾರತೀಯನನ್ನು ಪ್ರೀತಿಸಿ ಕೊನೆಗೆ ಇಂಗ್ಲೆಂಡಿಗೆ ಹಡಗು ಹತ್ತುವ ತರುಣಿ. ನಲವತ್ತಮೂರು ವರ್ಷಗಳ ಬಳಿಕ ಅದೇ ಮುಖ ಭಾರತದಲ್ಲಿ ಬಿಟ್ಟುಬಂದ ಪ್ರೀತಿಯನ್ನು ನೆನೆಯುತ್ತದೆ. ಈ ಆಯ್ಕೆಯಿಂದ ಲೇಡಿ ಎಡಿಸನ್‌ಳ ನೆನಪಿಗೆ ತೆರೆಯಾಚೆಯ ಒಂದು ಚರಿತ್ರೆ ದೊರೆಯಿತು. ಚಂದ್ರಕಲಾಳ ಪಾತ್ರ ವಹಿಸಿದ ಲೀನಾ ಧಿಂಗ್ರಾಗೆ ಅಂಥ ಲಾಭ ಆಗಲಿಲ್ಲ. ಆಕೆ ನಟಿ ಮಾತ್ರವಲ್ಲ, ಲೇಖಕಿ. ಇಂಗ್ಲೆಂಡಿನಲ್ಲಿ ನೆಲೆಸಿದ ಮಹಿಳೆಯೊಬ್ಬಳು ಭಾರತಕ್ಕೆ ಮರಳಿ, ತಾನು ಎಲ್ಲಿಯವಳೆಂದು ಕೇಳಿಕೊಳ್ಳುವ ‘ಅಮೃತ್‌ವೇಲಾ’ (1988) ಆಕೆಯ ಕಾದಂಬರಿ. ಕಾದಂಬರಿಕಾರ್ತಿಯೊಬ್ಬಳನ್ನು ಕೊಂಡಾಡುವ ಕಂತಿನಲ್ಲಿ ಇನ್ನೊಬ್ಬ ಕಾದಂಬರಿಕಾರ್ತಿ ಇದ್ದಳು. ಆಕೆಯ ಬರವಣಿಗೆಯ ವಸ್ತುವೂ ಎರಡು ದೇಶಗಳ ನಡುವಿನ ನೆನಪೇ. ಆದರೂ ಆಕೆಗೆ ದೊರೆತದ್ದು ಮುಗಿಯದ ಒಂದು ಮಾತು.

ಹಾಸ್ಯದ ಕಂತಿನಲ್ಲಿ ಪ್ರತಿ ಸಾವಿಗೂ ಅಳುತ್ತ ಕೂರಲಾಗದು ಎಂಬ ಸಮರ್ಥನೆ ಬರಬಹುದು. ಹೆಚ್ಚು ತಿಳಿದವರು ಹೇಳುವ ಮುನ್ನವೇ ಸಾಯುವುದು ಈ ಪ್ರಕಾರದ ರೂಢಿ ಎಂಬುದೂ ನಿಜ. ಆದರೆ ಕಂತು ತಾನು ಬಯಸಿದಾಗ ನಿಂತು ಶೋಕಿಸಬಲ್ಲದು. ಊಟದ ಮೇಜಿನಲ್ಲಿ ಕೊಲೆಯಾದ ಮನೆಯ ಮಗ ರೋಜರ್‌ಗೂ ಪರಿಚಾರಕ ಡ್ಯಾವನ್‌ಪೋರ್ಟ್‌ಗೂ ಪ್ರೇಮವಿತ್ತು. ಆ ಪರಿಚಾರಕ ಎಲ್ಲರ ಮುಂದೆ ಕಣ್ಣೀರು ಹಾಕುವಂತಿಲ್ಲ ಎಂಬುದನ್ನು ಡೋನಾ ಗುರುತಿಸುತ್ತಾಳೆ, ಆ ಕಾಲದ ಕ್ರೌರ್ಯಕ್ಕೆ ಕೋಪಗೊಳ್ಳುತ್ತಾಳೆ. ಕ್ಷಣಕಾಲ ನಗು ನಿಲ್ಲುತ್ತದೆ, 1926ರ ಇಂಗ್ಲೆಂಡಿನ ಮೇಲೆ ಒಂದು ತೀರ್ಪೂ ಹೊರಬೀಳುತ್ತದೆ. ಅದು ಕಂತಿನ ಅತ್ಯಂತ ಮಾನವೀಯ ಘಳಿಗೆಗಳಲ್ಲಿ ಒಂದು. ಅದೇ 1926ರ ಇನ್ನೊಂದು ಅನ್ಯಾಯ, ವಸಾಹತಿನಿಂದ ಬಂದು ಬೇರೊಬ್ಬರ ಗುಟ್ಟಿಗೆ ಜೀವಮಾನವಿಡೀ ಕಾವಲಿದ್ದ ಹೆಂಗಸಿನ ಬದುಕು, ಡೋನಾಳ ಕಣ್ಣಿಗೂ ಬೀಳುವುದಿಲ್ಲ. ರೂಢಿ ಎಲ್ಲಿ ಸಡಿಲವಾಯಿತು, ಎಲ್ಲಿ ಬಿಗಿಯಾಗಿಯೇ ಉಳಿಯಿತು ಎಂಬುದು ಆಯ್ಕೆ. ಅದರ ಹೊಣೆಯನ್ನು ಪ್ರಕಾರದ ಮೇಲೆ ಹೊರಿಸಲಾಗದು.

ನೆನಪಿನ ಈ ಅಸಮ ಹಂಚಿಕೆ ಕ್ರಿಸ್ಟಿಯ ಮರೆವಿನೊಂದಿಗೆ ಇಟ್ಟು ನೋಡಿದಾಗ ನಿಚ್ಚಳವಾಗುತ್ತದೆ. ಚರಿತ್ರೆಯಲ್ಲಿ 1926 ಕ್ರಿಸ್ಟಿಗೆ ಕೆಟ್ಟ ವರ್ಷ. ಏಪ್ರಿಲಿನಲ್ಲಿ ತಾಯಿ ತೀರಿಕೊಂಡಳು. ಆಗಸ್ಟಿನಲ್ಲಿ ಪತಿ ಆರ್ಚೀ, ನ್ಯಾನ್ಸಿ ನೀಲ್ ಎಂಬಾಕೆಗಾಗಿ ವಿಚ್ಛೇದನ ಕೇಳಿದ. ಡಿಸೆಂಬರ್ 3ರ ರಾತ್ರಿ ಮನೆಬಿಟ್ಟ ಕ್ರಿಸ್ಟಿಯ ಕಾರು ಸೈಲೆಂಟ್ ಪೂಲ್ ಸಮೀಪದ ನ್ಯೂಲ್ಯಾಂಡ್ಸ್ ಕಾರ್ನರ್ ಬಳಿ ಸಿಕ್ಕಿತು. ಡಿಸೆಂಬರ್ 14ರಂದು ಆಕೆ ಹ್ಯಾರೊಗೇಟಿನ ಹೋಟೆಲೊಂದರಲ್ಲಿ ಪತ್ತೆಯಾದಳು. ಅಲ್ಲಿ ಆಕೆ ಬರೆಸಿದ್ದ ಮನೆತನದ ಹೆಸರು ನೀಲ್. ಆಕೆಯ ಆತ್ಮಕಥೆ ಈ ಹನ್ನೊಂದು ದಿನಗಳ ಬಗ್ಗೆ ಮೌನವಾಗಿದೆ. ಕಂತು ಆ ಮೌನವನ್ನು ತುಂಬುವುದು ಹೀಗೆ: ಹರಳಿನ ಮೂಲಕ ಅವಳ ಮನಸ್ಸೂ ಕಣಜದ ಮನಸ್ಸೂ ಬೆಸೆದುಕೊಂಡಿದ್ದವು. ಸಾಯುವ ಮುನ್ನ ಕಣಜ ಅವಳನ್ನು ಬಿಡಿಸಿತು. ಆ ಬಿಡುಗಡೆಯಲ್ಲಿ ಅವಳ ನೆನಪು ಅಳಿಸಿಹೋಯಿತು. ಪತಿಯ ಪ್ರೇಯಸಿಯ ಮನೆತನದ ಹೆಸರಿನಲ್ಲಿ ತಂಗಿದ್ದ ಹೆಂಗಸಿನ ನೋವು ಅಥವಾ ಸಿಟ್ಟಿಗೆ ಈ ಪರಿಹಾರದಲ್ಲಿ ಜಾಗವಿಲ್ಲ. ಫೆನೆಲ್ಲಾ ವೂಲ್ಗರ್‌ಳ ಅಭಿನಯ ಮಾತ್ರ ಪರಿತ್ಯಕ್ತಳ ಅವಮಾನವನ್ನೂ, ತನ್ನ ಕೃತಿಗಳು ಉಳಿಯಲಾರವೆಂಬ ಅಳುಕನ್ನೂ ಬಹಳ ಸಂಯಮದಿಂದ ಹಿಡಿದಿಟ್ಟಿದೆ.

ಆದರೆ ಕ್ರಿಸ್ಟಿಯ ಮರೆವು ಬರಿದಾದ ಮರೆವಲ್ಲ. ಕಣಜದ ನೆರಳೂ, ಡೋನಾ ಬಾಯಿಬಿಟ್ಟು ಹೇಳಿದ ಮಿಸ್ ಮಾರ್ಪಲ್‌ಳ ಹೆಸರೂ ಅವಳ ಮನಸ್ಸಿನ ತಳದಲ್ಲಿ ಉಳಿದವು ಎಂದು ಕಂತು ಸೂಚಿಸುತ್ತದೆ. ಕೊನೆಯಲ್ಲಿ ಡಾಕ್ಟರ್ ತನ್ನ ಪೆಟ್ಟಿಗೆಯಿಂದ ‘ಡೆತ್ ಇನ್ ದ ಕ್ಲೌಡ್ಸ್’ (1935) ತೆಗೆದು ತೋರಿಸುತ್ತಾನೆ. ಮುಖಪುಟದಲ್ಲಿ ಬೃಹತ್ ಕಣಜ. ಅದು ಐನೂರು ಕೋಟಿಯ ಇಸವಿಯಲ್ಲಿ ಅಚ್ಚಾದ ಪ್ರತಿ. ಕಾದಂಬರಿಕಾರ್ತಿಯ ಮರೆವು ಸಾಹಿತ್ಯವಾಗಿ ಬಾಳುತ್ತದೆ. ಪರಿಚಾರಿಕೆಯ ನೆನಪು ಅವಳೊಂದಿಗೇ ಮಣ್ಣಾಗುತ್ತದೆ. ಬರೆದವರು ಮರೆತರೂ ಉಳಿಯುತ್ತದೆ, ಬರೆಯದವರು ನೆನಪಿಟ್ಟರೂ ಉಳಿಯದು ಎಂಬ ಕಟುವಾದ ಸಾಹಿತ್ಯಚರಿತ್ರೆಯೊಂದು ಈ ಸಂಭ್ರಮದ ಮುಕ್ತಾಯದೊಳಗೆ ಅಡಗಿದೆ. ಕಂತಿಗೆ ಅದರ ಅರಿವಿದ್ದಂತಿಲ್ಲ.

ಇಷ್ಟಾದರೂ ರಾಬರ್ಟ್ಸ್‌ನ ಪಠ್ಯ ಅವನ ಗಮನಕ್ಕಿಂತ ಹೆಚ್ಚಿನದನ್ನು ಹೇಳಿದೆ. ಚಂದ್ರಕಲಾಳ ಕೊನೆಯ ಮಾತನ್ನು ಮತ್ತೊಮ್ಮೆ ಕೇಳಬೇಕು. ಪತ್ತೇದಾರರಿಗೆ ಅದು ಅರ್ಧಕ್ಕೆ ನಿಂತ ಸುಳಿವು. ಯಾವ ಮಗು, ಯಾರ ಮಗು ಎಂದು ಅವರು ಹುಡುಕುತ್ತಾರೆ, ಹುಡುಕಿ ಕೊಲೆಗಾರನನ್ನು ಕಾಣುತ್ತಾರೆ. ಆದರೆ ಮಾತಿನ ತೂಕ ‘ಮಗು’ ಎಂಬುದರ ಮೇಲಷ್ಟೇ ಇಲ್ಲ, ‘ಪಾಪ’ ಎಂಬುದರ ಮೇಲೂ ಇದೆ. ತನ್ನ ಮೇಲೆ ಕಲ್ಲುರುಳಿಸಿದವನನ್ನು ಅವಳು ಎಲ್ಲರಿಗಿಂತ ಮೊದಲು, ಕೈಬಿಟ್ಟ ಕೂಸಾಗಿ ಕಂಡಳು. ಅನಾಥಾಲಯಕ್ಕೆ ಹೋದ ಆ ಮಗುವಿಗಾಗಿ ಇಡೀ ಕಥೆಯಲ್ಲಿ ಮೊದಲು ಮರುಗಿದವಳು ಅವಳೇ. ಕಣಜ ತನ್ನ ಪ್ರಕೃತಿಯನ್ನು ಮೀರಲಾರದೆ ಸತ್ತಿತೆಂದು ಡಾಕ್ಟರ್ ಕನಿಕರಪಡುವುದು, ಅದು ಕೊನೆಯ ಉಸಿರಿನಲ್ಲಿ ಒಂದು ಜೀವ ಉಳಿಸಿತೆಂದು ಒಪ್ಪಿಕೊಳ್ಳುವುದು ಇವೆಲ್ಲ ಬಹಳ ತಡವಾಗಿ, ಕೊಳದ ದಡದಲ್ಲಿ. ಕಥೆ ಸುತ್ತಿಬಳಸಿ ತಲುಪುವ ನೈತಿಕ ನೆಲೆಯಲ್ಲಿ ಚಂದ್ರಕಲಾ ಅದಾಗಲೇ ನಿಂತಿದ್ದಳು.

ಹೀಗೆ ನೋಡಿದರೆ ಅವಳ ವಾಕ್ಯ ಅರ್ಧಕ್ಕೆ ನಿಂತದ್ದಲ್ಲ. ಅದು ಪೂರ್ಣ ಸಾಕ್ಷ್ಯ. ಕೇಳಿಸಿಕೊಂಡವರು ಅದರಿಂದ ಮಾಹಿತಿಯನ್ನು ಮಾತ್ರ ತೆಗೆದುಕೊಂಡು ಸಂತಾಪವನ್ನು ಬಿಟ್ಟರು. ಅಲ್ಪಸಂಖ್ಯಾತ ಭಾಷೆಗಳ ಹಿರಿಯರ ಮಾತನ್ನು ದಾಖಲಿಸುವವರಿಗೂ ಈ ಅಪಾಯ ಹೊಸದಲ್ಲ. ಪದಗಳ ಪಟ್ಟಿ ಸಿದ್ಧವಾಗುತ್ತದೆ, ಆ ಪದಗಳನ್ನು ಆಡಿದವರ ದುಃಖ ಧ್ವನಿಮುದ್ರಿಕೆಯಲ್ಲೇ ಉಳಿದುಬಿಡುತ್ತದೆ. ನಗಿಸುವ ಉದ್ದೇಶದಿಂದಲೇ ಹೊರಟ, ಆ ಉದ್ದೇಶದಲ್ಲಿ ಬಹುಮಟ್ಟಿಗೆ ಗೆದ್ದ ಕಂತೊಂದನ್ನು ಮತ್ತೆ ನೋಡುವಾಗ ಕಣಜದ ರೆಕ್ಕೆಯ ಸದ್ದಿಗಿಂತ ಕೆಳದನಿಯ ಆ ಮಾತಿಗೆ ಕಿವಿಗೊಡುವುದರಿಂದ ಕಥೆ ಕಳೆದುಕೊಳ್ಳುವುದೇನೂ ಇಲ್ಲ. ಕೊಲೆಗಾರ ಯಾರೆಂಬುದು ಒಮ್ಮೆ ತಿಳಿದ ಮೇಲೂ ಕಂತಿನಲ್ಲಿ ತಿಳಿಯಬೇಕಾದದ್ದು ಉಳಿದಿದೆ ಎಂಬುದಕ್ಕೆ ಚಂದ್ರಕಲಾಳ ಆ ಮಾತೇ ಆಧಾರ.